ಗಡಿಯಾಚೆಯ ಕೋವಿ

ಸುರತ್ಕಲ್ಲಿನಿಂದ ಬಸ್ಸು ಹಿಡಿದು, ಮಂಗಳೂರನ್ನು ಹಾದು, ತಲಪಾಡಿಯ ಗಡಿ ದಾಟಿದರೆ ನನ್ನ ಭಾವನವರ ಊರು. ವಯಸ್ಸಾದುದರಿಂದ ಅವರು ಈಚೆಗೆ ತೋಟದ ಕೆಲಸ ಬಿಟ್ಟಿದ್ದಾರೆ. ಕಳೆದ ಸಲ ಹೋದಾಗ, "ನನ್ನ ಕೋವಿ ಇನ್ನು ಯಾರಿಗೆ? ನಿಮ್ಮ ಕಿನ್ನಿಗೋಳಿಯ ತೋಟಕ್ಕೆ ಹಂದಿ ಬರುತ್ತದಲ್ಲ, ಹೆದರಿಸಲಿಕ್ಕಾಯಿತು. ಏನಾದರೂ ಕೊಟ್ಟು ತೆಗೆದುಕೊಂಡು ಹೋಗಿ" ಎಂದರು, ಹಳೆಯ ಕೊಡೆಯೊಂದನ್ನು ದಾಟಿಸುವವರ ಹಾಗೆ.

ವಿಚಾರಿಸಿದಾಗ ತಿಳಿಯಿತು, ಕೋವಿ ಕೊಡೆಯಲ್ಲವೆಂದು. 1959ರ ಆಯುಧ ಕಾಯಿದೆಯಂತೆ ಮೊದಲು ನನಗೆ ಲೈಸೆನ್ಸ್ ಬೇಕು. ಅದಕ್ಕೆ ಪೊಲೀಸರ ವರದಿ ಬೇಕು. ಮಾರುವ ಉದ್ದೇಶವನ್ನು ಭಾವನವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಬೇಕು. ಆಮೇಲೆ 45 ದಿನ ಕಳೆಯಬೇಕು. ಅವರ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ, ನನ್ನದು ಎಲ್ಲಿಂದ ನಡೆಯುತ್ತದೆ ಎಂಬುದನ್ನೂ ನೋಡಬೇಕು.

ಭಾವನವರಿಗೆ ಸಿಟ್ಟು ಬಂತು. "1956ರ ನವೆಂಬರ್ 1ರವರೆಗೆ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ. ಗಡಿ ಬಂದದ್ದು ನಕ್ಷೆಗೆ. ಹಂದಿಗೆ ಗಡಿ ಉಂಟೋ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಅದನ್ನೇ ಯೋಚಿಸುತ್ತಿದ್ದೆ. ನಾನು ಕಳ್ಳನಲ್ಲ, ಅವರೂ ಅಲ್ಲ. ಸಜ್ಜನರಿಬ್ಬರ ನಡುವೆ ಸರಕಾರ ಏಕೆ ಬಂದು ನಿಲ್ಲಬೇಕು?

ಅಮೆರಿಕದವರಿಗೂ ಈ ಪ್ರಶ್ನೆ ಎದುರಾಗಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ಬಂದೂಕು ಷಿಕಾಗೋದ ಅಂಗಡಿಯಿಂದ ಅಂಚೆಯಲ್ಲಿ ಡಲ್ಲಾಸಿಗೆ ಬಂದಿತ್ತು, ಅದೂ ಸುಳ್ಳು ಹೆಸರಿಗೆ. ಕೊಟ್ಟವನು ಕೊಂಡವನ ಮುಖವನ್ನೇ ನೋಡಿರಲಿಲ್ಲ. ಒಂದು ಸಂಸ್ಥಾನದ ಅಂಗಡಿ ಮತ್ತೊಂದು ಸಂಸ್ಥಾನದ ಸಾಮಾನ್ಯ ಗಿರಾಕಿಗೆ ಹೀಗೆ ಬಂದೂಕು ಕಳುಹಿಸಬಾರದೆಂದು ಅಲ್ಲಿ ಕಾಯಿದೆಯಾದುದು 1968ರಲ್ಲಿ. ಗಡಿಯ ಕೇಡೆಲ್ಲ ಇಷ್ಟೇ: ಅದನ್ನು ದಾಟಿದವನು ಗುರುತಿಲ್ಲದವನಾಗುತ್ತಾನೆ. ಅಪರಿಚಿತನಿಗೆ ಅಕ್ಕಿ ಮಾರಬಹುದು, ಬಟ್ಟೆ ಮಾರಬಹುದು. ಕೋವಿ ಮಾರುವ ಮುಂಚೆ "ನೀನು ಯಾರು?" ಎಂದು ಕೇಳುವುದು ಅವಮಾನವಲ್ಲ.

"ನಾನು ಯಾರೆಂದು ಊರಿಗೆಲ್ಲ ಗೊತ್ತಿದೆಯಲ್ಲ!" ಎಂದು ಯಾರಾದರೂ ಹೇಳಬಹುದು. ಇದಕ್ಕೆ ನನ್ನ ಅನುಭವವನ್ನೇ ಹೇಳಬೇಕಾಗಿದೆ. ಮೂವತ್ತು ವರ್ಷದ ಹಿಂದೆ ಗಡಿಕಲ್ಲಿನ ವಿಷಯದಲ್ಲಿ ನೆರೆಯವರೊಡನೆ ಜಗಳವಾಯಿತು. ಅವರು ತೀರಿಹೋದ ನನ್ನ ತಂದೆಯ ಹೆಸರೆತ್ತಿ ಒಂದು ಮಾತಾಡಿದರು. ಆ ರಾತ್ರಿ ನಾನು ಮಲಗಲಿಲ್ಲ, ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಮನೆಯಲ್ಲಿ ಕೋವಿ ಇದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲವೆಂದು ಆಣೆಯಿಟ್ಟು ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ. ತಿಂಗಳು ಕಳೆಯುವುದರೊಳಗೆ ಅದೇ ನೆರೆಯವರು ನನ್ನ ತಂಗಿಯ ಮದುವೆಯ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ನನ್ನನ್ನು ಆ ಒಂದು ರಾತ್ರಿ ನಾನೇ ಅರಿಯದೆ ಹೋಗಿದ್ದೆ. ಕಾಯಿದೆಯ 45 ದಿನಗಳು ಯಾವ ಲೆಕ್ಕದಿಂದ ಬಂದವೋ, ನನ್ನ ಲೆಕ್ಕಕ್ಕೆ ಅವು ಸರಿಯಾಗಿವೆ.

ಆದರೆ ಭಾವನವರ ಸಿಟ್ಟಿನಲ್ಲಿಯೂ ನ್ಯಾಯವಿದೆ. ಚುನಾವಣೆ ಬಂದಿತೆಂದರೆ ನಮ್ಮ ಜಿಲ್ಲೆಯ ಕೃಷಿಕರು ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ; ಆ ದಿನಗಳಲ್ಲಿ ಹಂದಿ ರಜೆ ಹಾಕುವುದಿಲ್ಲ. ಇತ್ತ ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅವರನ್ನು ನಂಬುವ ಸರಕಾರ ನಮ್ಮನ್ನೇಕೆ ನಂಬದು ಎಂದು ಪುತ್ತೂರಿನ ಕೃಷಿಕ ಕೇಳಿದರೆ ತಪ್ಪೆನ್ನಲಾದೀತೆ? ಪ್ರಾಮಾಣಿಕನನ್ನು ಕಾಯಿಸುವ ಸರಕಾರ ಅವನಿಗೆ ಸಾಲಗಾರ. ಅರ್ಜಿಯನ್ನು ಮೂಲೆಗೆ ಎಸೆಯದೆ, ಹೌದು ಅಥವಾ ಅಲ್ಲ ಎಂದು ಸಕಾಲದಲ್ಲಿ ಹೇಳಿ ಆ ಸಾಲ ತೀರಿಸಬೇಕು. ಇಲ್ಲವಾದರೆ ಸಜ್ಜನನೇ ಕಳ್ಳದಾರಿ ಹುಡುಕುತ್ತಾನೆ. ಕಾಯಿದೆ ಯಾರಿಗಾಗಿ ಹುಟ್ಟಿತೋ ಅವರು ಹೇಗೂ ಆ ದಾರಿಯಲ್ಲೇ ಇದ್ದಾರೆ.

ನಾನು ಅರ್ಜಿ ಕೊಟ್ಟಿದ್ದೇನೆ. ಕೋವಿ ಇನ್ನೂ ಗಡಿಯಾಚೆ ಭಾವನವರ ಗೋಡೆಯ ಮೇಲಿದೆ. ಮೊನ್ನೆ ಫೋನಿನಲ್ಲಿ, "ನಿಮ್ಮ ಹಂದಿಗೆ ಕಾಯಲಿಕ್ಕೆ ಹೇಳಿದಿರೋ?" ಎಂದು ಕೇಳಿದರು. ನಕ್ಕು ಸುಮ್ಮನಾದೆ. ಆ ಹಳೆಯ ರಾತ್ರಿಯ ವಿಷಯವನ್ನು ಅವರಿಗೆ ನಾನು ಎಂದೂ ಹೇಳಿಲ್ಲ.