ಅಪರಿಚಿತ ಸಾಧನವೂ ಕಲಿಯುವ ಮನಸ್ಸೂ

ಅಡುಗೆಯ ಮನೆಯಲ್ಲಿ ಸಾಸಿವೆಯ ಡಬ್ಬಿಯಿದ್ದಲ್ಲಿ ಜೀರಿಗೆಯ ಡಬ್ಬಿಯನ್ನಿಟ್ಟರೆ ಕಣ್ಣುಳ್ಳವರಿಗಾಗುವ ತೊಂದರೆಯು ಕ್ಷಣಮಾತ್ರದ್ದು. ಮುಚ್ಚಳ ತೆಗೆದು ನೋಡಿ, ಒಂದೆರಡು ಮಾತು ಗೊಣಗಿ, ಬೇಕಾದುದನ್ನು ಹುಡುಕಿಕೊಳ್ಳುವರು. ಆದರೆ ಒಲೆಯ ಮುಂದಿರುವವರು ಅಂಧರಾಗಿದ್ದರೆ ಆ ಅದಲುಬದಲು ಒಂದೇ ಡಬ್ಬಿಯ ಮಾತಾಗಿ ಉಳಿಯುವದಿಲ್ಲ. ಆ ಹೊತ್ತು ಅವರಿಗೆ ಎಲ್ಲ ಡಬ್ಬಿಗಳ ಮೇಲೂ ಸಂಶಯ ಹುಟ್ಟುವದು. ಏಕೆಂದರೆ ಅವರ ಪಾಲಿಗೆ ಸ್ಥಳವೇ ಗುರುತು; ಕೈಯ ನೆನಪೇ ಕಣ್ಣು. ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾಚಕರು ಮುಂದಿನ ಪ್ರಶ್ನೆಯನ್ನು ವಿಚಾರಿಸಬೇಕೆಂದು ನಮ್ಮ ವಿಜ್ಞಾಪನೆ. ಅಪರಿಚಿತವಾದ ಸಾಧನವೊಂದನ್ನು ಕಲಿಯಲೊಲ್ಲದವರನ್ನು ನಾವು ಎಷ್ಟರಮಟ್ಟಿಗೆ ದೂಷಿಸಬಹುದು? ವಿಡಿಯೋ ಆಟಗಳನ್ನಾಡುವ ಅಂಧರ ವಿಷಯದಲ್ಲಿ ಈ ಪ್ರಶ್ನೆಯು ಇಂದು ನಿಜವಾಗಿಯೂ ಎದ್ದಿರುವದು.

ದೃಷ್ಟಿಯಿಲ್ಲದವರು ಇಂಥ ಆಟಗಳನ್ನಾಡುವರೆಂದರೆ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಕಿವಿಯಿಂದ ಆಡುವ ಆಟಗಳು ಹುಟ್ಟಿ ಬಹು ದಿನಗಳಾದವು. ಜಪಾನಿನ ಕೆಂಜಿ ಎನೋ ಎಂಬವರು, ಚಿತ್ರದ ಗೊಡವೆಯಿಲ್ಲದೆ ಧ್ವನಿಯಿಂದಲೇ ನಡೆಯುವ ‘ರಿಯಲ್ ಸೌಂಡ್’ ಎಂಬ ಆಟವನ್ನು 1997ರಲ್ಲಿಯೇ ಸೆಗಾ ಸ್ಯಾಟರ್ನ್ ಯಂತ್ರಕ್ಕಾಗಿ ರಚಿಸಿದರು. 2001ರಲ್ಲಿ ಹೊರಬಿದ್ದ ‘ಶೇಡ್ಸ್ ಆಫ್ ಡೂಮ್’ ಮೊದಲಾದ ಧ್ವನಿಯಾಟಗಳು ಕಂಪ್ಯೂಟರಿನಲ್ಲಿ ನಡೆಯತಕ್ಕವು. ಈ ಎರಡನೆಯ ಬಗೆಯ ಆಟಗಳಲ್ಲಿ ಬೆಳೆದವರ ಕೈಗೆ ಪರಿಚಿತವಾದುದು ಕೀಬೋರ್ಡು. ಅದರ ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆಗಳಿರುವವು. ತೋರುಬೆರಳುಗಳನ್ನು ಅಲ್ಲಿ ಊರಿದರೆ ಉಳಿದ ಕೀಲಿಗಳೆಲ್ಲ ತಮ್ಮ ತಮ್ಮ ಸ್ಥಳದಲ್ಲಿ ದೊರೆಯುವವು. ಓದು, ಪತ್ರವ್ಯವಹಾರ, ಉದ್ಯೋಗ, ವಿನೋದ, ಇವೆಲ್ಲಕ್ಕೂ ಅದೊಂದೇ ಸಾಧನವು ಸಾಕಾಗುತ್ತಿದ್ದಿತು.

ಈಚೆಗೆ ಸ್ಥಿತಿಯು ಬದಲಾಯಿಸಿತು. 2020ರಲ್ಲಿ ನಾಟಿ ಡಾಗ್ ಸಂಸ್ಥೆಯವರು ‘ದ ಲಾಸ್ಟ್ ಆಫ್ ಅಸ್, ಭಾಗ 2’ ಎಂಬ ಆಟದಲ್ಲಿ 60ಕ್ಕೂ ಹೆಚ್ಚು ಅನುಕೂಲತೆಗಳನ್ನು ಒದಗಿಸಿದರು. ಪರದೆಯ ಮೇಲಿನ ಬರಹವನ್ನು ಯಂತ್ರವೇ ಓದಿ ಹೇಳುವದು. ಎಡಗಡೆಯ ಚಿಕ್ಕ ಕೋಲನ್ನು ಒತ್ತಿದರೆ ಆಟಗಾರನ ಮುಖವು ಮುಂದಿನ ದಾರಿಯ ಕಡೆಗೆ ತಿರುಗುವದು. ದೃಷ್ಟಿಯಿಲ್ಲದವರು ಅನ್ಯರ ಸಹಾಯವಿಲ್ಲದೆ ಅದನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದರು. 2023ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 6’ ಆಟವು ಎದುರಾಳಿಯು ಎಷ್ಟು ದೂರದಲ್ಲಿರುವನೆಂಬುದನ್ನು ಧ್ವನಿಯಿಂದ ತಿಳಿಸುವದು. ಅದೇ ವರುಷದ ‘ಫೋರ್ಜಾ ಮೋಟರ್‌ಸ್ಪೋರ್ಟ್’ ಆಟದಲ್ಲಿ ಅಂಧರು ಮೋಟಾರು ಓಡಿಸುವದಕ್ಕೆಂದೇ ಧ್ವನಿಯ ಸಂಜ್ಞೆಗಳನ್ನು ಏರ್ಪಡಿಸಿದ್ದಾರೆ. ಆದರೆ ಮೇಲೆ ಹೇಳಿದ 2020ರ ಆಟವು ಆಗ ಪ್ಲೇಸ್ಟೇಷನ್ ಯಂತ್ರದಲ್ಲಿ ಮಾತ್ರವೇ ದೊರೆಯುತ್ತಿದ್ದಿತು. ಅದನ್ನು ಆಡಬೇಕಾದರೆ ಕಂಟ್ರೋಲರನ್ನು ಕೈಯಲ್ಲಿ ಹಿಡಿಯಲೇಬೇಕು. ಕಂಪ್ಯೂಟರಿಗೆ ಅದು ಬಂದುದು 2025ರಲ್ಲಿ. ಕೀಬೋರ್ಡನ್ನು ಬಿಡಲೊಲ್ಲದವರು 5 ವರುಷ ಬಾಗಿಲ ಹೊರಗೆ ಕಾಯಬೇಕಾಯಿತು.

ಇಲ್ಲಿ ಎರಡು ಪಕ್ಷಗಳು ಹುಟ್ಟುವವು. “ಬಾಗಿಲು ತೆರೆದಿದೆ; ಒಂದು ಸಾಧನವನ್ನು ಕಲಿಯುವಷ್ಟು ಶ್ರಮವನ್ನೂ ವಹಿಸದೆ ನಮಗೇನೂ ಇಲ್ಲವೆಂದು ದೂರುವದು ಸೋಮಾರಿತನ”ವೆಂದು ಒಬ್ಬರು ಹೇಳುವರು. “ನಾವು ಈವರೆಗೆ ಕಲಿತುದೇ ಸಾಕಷ್ಟಾಯಿತು, ಆಟವೇ ನಮ್ಮ ಕೀಬೋರ್ಡಿನ ಬಳಿಗೆ ಬರಲಿ” ಎಂದು ಮತ್ತೊಬ್ಬರು ಹೇಳುವರು. ಎರಡೂ ಮಾತುಗಳನ್ನು ಆಡುವವರು ಅಂಧರೇ ಆಗಿರಬಹುದೆಂಬುದನ್ನು ಮರೆಯಬಾರದು. ಮೊದಲನೆಯ ಮಾತನ್ನು ಕಣ್ಣುಳ್ಳವರು ಆಡಿದಾಗಲಂತೂ ಅದನ್ನು ಸ್ವಲ್ಪ ತಡೆದು ಪರೀಕ್ಷಿಸುವದು ಅವಶ್ಯವಾಗಿದೆ.

ಈ ಕಂಟ್ರೋಲರೆಂಬುದು ಎಂಥದು? ಎರಡು ಕೈಗಳಿಂದಲೂ ಹಿಡಿಯತಕ್ಕ ಒಂದು ಉಪಕರಣ. ಹೆಬ್ಬೆರಳುಗಳ ಕೆಳಗೆ ಎರಡು ಚಿಕ್ಕ ಕೋಲುಗಳು, ಎಡಕ್ಕೆ ದಿಕ್ಕು ತೋರುವ ಗುಂಡಿಗಳು, ಬಲಕ್ಕೆ ನಾಲ್ಕು ಗುಂಡಿಗಳು, ತೋರುಬೆರಳುಗಳು ತಲುಪುವಲ್ಲಿ ಮತ್ತೆ ನಾಲ್ಕು. ಬಲಗಡೆಯ ನಾಲ್ಕು ಗುಂಡಿಗಳು ಕೈಗೆ ಒಂದೇ ಸಮನಾಗಿ ತೋರುವವು. ಅವುಗಳ ಭೇದವೆಲ್ಲ ಸ್ಥಳದಿಂದ. ಎಕ್ಸ್‌ಬಾಕ್ಸ್ ಯಂತ್ರದ ಕಂಟ್ರೋಲರಿನಲ್ಲಿ ಕೆಳಗಿನದು ‘ಎ’, ಬಲಗಡೆಯದು ‘ಬಿ’, ಎಡಗಡೆಯದು ‘ಎಕ್ಸ್’, ಮೇಲಿನದು ‘ವೈ’. ನಿಂಟೆಂಡೊ ಯಂತ್ರದಲ್ಲಾದರೋ ಕೆಳಗಿನದೇ ‘ಬಿ’, ಬಲಗಡೆಯದು ‘ಎ’, ಎಡಗಡೆಯದು ‘ವೈ’, ಮೇಲಿನದು ‘ಎಕ್ಸ್’. ಹೆಸರುಗಳು ಅವೇ, ಒಂದಾದರೂ ತನ್ನ ಸ್ಥಳದಲ್ಲಿಲ್ಲ. ಪ್ಲೇಸ್ಟೇಷನ್ನಿನಲ್ಲಿ ಅಕ್ಷರಗಳ ಬದಲು ಆಕೃತಿಗಳಿವೆ. ಅದರಲ್ಲಿಯೂ ಜಪಾನಿನವರು ‘ಒಪ್ಪಿಗೆ’ಗೆ ವೃತ್ತದ ಗುಂಡಿಯನ್ನೂ ಉಳಿದ ದೇಶದವರು ಕತ್ತರಿಗುರುತಿನ ಗುಂಡಿಯನ್ನೂ ಬಳಸುತ್ತಿದ್ದರು. 2020ರಲ್ಲಿ ಐದನೆಯ ಪ್ಲೇಸ್ಟೇಷನ್ ಬಂದಾಗ ಜಪಾನಿನವರೂ ತಮ್ಮ ರೂಢಿಯನ್ನು ತಿರುಗಿಸಿಕೊಳ್ಳಬೇಕಾಯಿತು. ಕಣ್ಣುಳ್ಳವನು ತಪ್ಪಿದರೆ ಪರದೆಯ ಮೇಲಿನ ಚಿತ್ರವು ಅವನನ್ನು ತಿದ್ದುವದು. ಅಂಧನಿಗೆ ತಪ್ಪು ತಿಳಿಯುವದು ಬಹುಶಃ ಆಟದಲ್ಲಿ ಸತ್ತ ಮೇಲೆಯೇ. ಸಾಸಿವೆ–ಜೀರಿಗೆಗಳ ಕಥೆಯು ಇಲ್ಲಿ ನಾಲ್ಕು ಮಡಿಯಾಗಿದೆ.

ಇದಕ್ಕಿಂತಲೂ ಮಿಗಿಲಾದ ಇನ್ನೊಂದು ಕಾರಣವುಂಟು. ದೃಷ್ಟಿಯುಳ್ಳವನು ಹೊಸ ಉಪಕರಣವನ್ನು ಕಲಿಯುವಾಗ ಕಲಿಕೆಯ ಕೊನೆಯಲ್ಲಿ ಆಟವಿದೆಯೆಂಬ ಭರವಸೆಯಿಂದ ಕಲಿಯುವನು. ಅಂಧನಿಗೆ ಆ ಭರವಸೆಯು ಬಹುಕಾಲದವರೆಗೆ ಇರಲಿಲ್ಲ. ಇಂದಿಗೂ ಎಲ್ಲ ಕಡೆಯಲ್ಲಿ ಇಲ್ಲ. ಗುಂಡಿಗಳನ್ನೆಲ್ಲ ಕಂಠಪಾಠ ಮಾಡಿಕೊಂಡು ಯಂತ್ರವನ್ನು ಹಚ್ಚಿದರೆ ಮೊದಲನೆಯ ಪರದೆಯೇ ಮೂಕವಾಗಿರಬಹುದು. ಹೀಗೆ ನಾಲ್ಕಾರು ಸಾರೆ ಶ್ರಮವು ವ್ಯರ್ಥವಾದವನು ಐದನೆಯ ಸಾರೆ ಹಿಂಜರಿದರೆ ಅದನ್ನು ಸೋಮಾರಿತನವೆನ್ನಲಾಗದು. ಅದು ಅನುಭವವು ಕಲಿಸಿದ ಪಾಠ. ಇಷ್ಟೇ ಅಲ್ಲ. ಮಧುಮೇಹವು ಕಣ್ಣನ್ನು ಕಳೆಯುವಂತೆ ಬೆರಳುಗಳ ಸ್ಪರ್ಶವನ್ನೂ ಕುಂದಿಸಬಲ್ಲದು. ಅಂಥವರಿಗೆ ಮನಸ್ಸಿದ್ದರೂ ಕೈ ಒಪ್ಪುವದಿಲ್ಲ. ದೊಡ್ಡ ದೊಡ್ಡ ಗುಂಡಿಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಕಂಟ್ರೋಲರೊಂದನ್ನು ಮೈಕ್ರೋಸಾಫ್ಟ್ ಸಂಸ್ಥೆಯವರು 2018ರಲ್ಲಿ ಹೊರಡಿಸಿದುದು, ಎಲ್ಲ ಕೈಗಳೂ ಒಂದೇ ಬಗೆಯವಲ್ಲವೆಂಬ ತಿಳಿವಿನಿಂದಲೇ.

ಇಷ್ಟು ಹೇಳಿದ ಮೇಲೆ, ಒಲ್ಲೆನೆಂಬವರ ಪಕ್ಷವೇ ಗೆದ್ದಿತೆಂದು ವಾಚಕರು ತಿಳಿಯಬಾರದು. ಹಳೆಯ ನಿರಾಶೆಯು ಹೊಸ ಬಾಗಿಲನ್ನು ತಟ್ಟದಿರುವದಕ್ಕೆ ಎಂದೆಂದಿಗೂ ಸಾಕಾದ ಕಾರಣವಾಗಲಾರದು. ಮೊದಲು ‘ಈ ಸಾಧನದಿಂದ ನನಗೆ ಪ್ರಯೋಜನವಿಲ್ಲ’ವೆಂಬ ಮಾತು ನಿಜವಾಗಿದ್ದಿತು, ನಿಜವು ಬದಲಾಯಿಸಿದ ಮೇಲೆಯೂ ಮಾತು ಮಾತ್ರ ನಾಲಿಗೆಯಲ್ಲಿ ಉಳಿಯಬಹುದು. ಅದಲ್ಲದೆ ಕೀಬೋರ್ಡು ಕೊಡಲಾರದ ಕೆಲವು ಸಂಗತಿಗಳು ಕಂಟ್ರೋಲರಿನಲ್ಲಿವೆ. ಅದು ಕೈಯಲ್ಲಿ ನಡುಗುವದು. 2020ರ ತರುವಾಯದ ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ತೋರುಬೆರಳಿನ ಗುಂಡಿಯು ಸಂದರ್ಭಕ್ಕೆ ತಕ್ಕಂತೆ ಗಡುಸಾಗಿ ಬೆರಳನ್ನು ಎದುರಿಸುವದು. ಕಿವಿಗೆ ಹೇಳಲಾಗದುದನ್ನು ಕೈಗೆ ಹೇಳುವ ಭಾಷೆಯಿದು. ಅದನ್ನು ಅರಿಯದೆ ನಿರಾಕರಿಸಿದವನು ತನಗೇ ನಷ್ಟವನ್ನು ತಂದುಕೊಳ್ಳುವನು.

ಈ ಸಂದರ್ಭದಲ್ಲಿ ಲೂಯಿ ಬ್ರೈಲನ ವೃತ್ತಾಂತವು ನೆನಪಿಗೆ ಬರುವದು. 1809ರಲ್ಲಿ ಹುಟ್ಟಿ ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಈತನು ಪ್ಯಾರಿಸಿನ ಅಂಧರ ಶಾಲೆಗೆ ಸೇರಿದಾಗ ಅಲ್ಲಿ ಸಾಮಾನ್ಯ ಅಕ್ಷರಗಳನ್ನೇ ಉಬ್ಬಾಗಿ ಅಚ್ಚೊತ್ತಿದ ಪುಸ್ತಕಗಳಿದ್ದವು. ಅವು ಕಣ್ಣಿಗೆ ಸುಲಭ, ಬೆರಳಿಗೆ ಕಷ್ಟ. ಶಾರ್ಲ್ ಬಾರ್ಬಿಯೆ ಎಂಬವನು 12 ಚುಕ್ಕೆಗಳ ಒಂದು ಬರವಣಿಗೆಯನ್ನು ಆ ಶಾಲೆಗೆ ತಂದನು. ಅದೂ ತೊಡಕಿನದೇ. ಆದರೆ ಬಾಲಕನಾದ ಬ್ರೈಲನು ಅದನ್ನು ತಳ್ಳಿಹಾಕದೆ ಕಲಿತನು. ಕಲಿತುದರಿಂದಲೇ ಅದರ ದೋಷವನ್ನು, ಎಂದರೆ 12 ಚುಕ್ಕೆಗಳು ಒಂದು ಬೆರಳ ತುದಿಗೆ ಹಿಡಿಯಲಾರವೆಂಬುದನ್ನು, ಕಂಡುಕೊಂಡು 6 ಚುಕ್ಕೆಗಳ ಲಿಪಿಯನ್ನು ಕಲ್ಪಿಸಿ 1829ರಲ್ಲಿ ಪ್ರಕಟಿಸಿದನು. ಆ ಮೇಲೆ ಕಲಿಯಲೊಲ್ಲದವರು ಯಾರು? ಕಣ್ಣುಳ್ಳ ಅಧಿಕಾರಿಗಳು. ತಮಗೆ ಓದಲು ಬಾರದ ಲಿಪಿಯನ್ನು ಅವರು ಕೆಲಕಾಲ ನಿಷೇಧಿಸಿದ್ದೂ ಉಂಟು. ಆ ಶಾಲೆಯು ಅದನ್ನು ವಿಧ್ಯುಕ್ತವಾಗಿ ಅಂಗೀಕರಿಸಿದುದು 1854ರಲ್ಲಿ, ಬ್ರೈಲನು ತೀರಿಕೊಂಡು 2 ವರುಷಗಳಾದ ಮೇಲೆ.

ಈ ವೃತ್ತಾಂತದಿಂದ ಎರಡೂ ಪಕ್ಷದವರಿಗೆ ತಿಳಿಯಬೇಕಾದುದಿದೆ. ಕಷ್ಟವಾದ ಸಾಧನವನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿದವನ ಆಕ್ಷೇಪಣೆಗೆ, ಹಿಡಿಯದವನ ಆಕ್ಷೇಪಣೆಗಿಲ್ಲದ ತೂಕವಿರುವದು. ಅದನ್ನು ತಿದ್ದುವ ಶಕ್ತಿಯೂ ಅವನಿಗೇ ಹೆಚ್ಚು. ಆದುದರಿಂದ ಕಲಿಯುವ ಮನಸ್ಸು ಒಂದು ಸದ್ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ನಮ್ಮಲ್ಲಿ ನಾವು ಬೆಳೆಸಿಕೊಳ್ಳಬೇಕಾದ ಗುಣವೇ ಹೊರತು ಮತ್ತೊಬ್ಬರಿಂದ ಕಂದಾಯದಂತೆ ವಸೂಲು ಮಾಡತಕ್ಕುದಲ್ಲ. ಅದರಲ್ಲಿಯೂ ಆಟವೆಂಬುದು ವಿಶ್ರಾಂತಿಯ ಕಾಲದ ವಿನೋದ. ದಿನವಿಡೀ ಕಣ್ಣುಳ್ಳವರ ಲೋಕಕ್ಕೆ ತನ್ನನ್ನು ಹೊಂದಿಸಿಕೊಂಡು ದಣಿದವನು ಸಂಜೆಯ ಹೊತ್ತು ಬಲ್ಲುದನ್ನೇ ಆಡಿ ಸಂತೋಷಪಟ್ಟರೆ ಅವನನ್ನು ಹೀಯಾಳಿಸುವ ಅಧಿಕಾರ ಯಾರಿಗೂ ಇಲ್ಲ. ಕೇಳುವ ಅಧಿಕಾರವು ಸ್ವಲ್ಪವಾದರೂ ಉಂಟಾಗುವದು, ಕೇಳುವವನು ತನ್ನ ಪಾಲಿನ ಅರ್ಧ ದಾರಿಯನ್ನು ನಡೆದಾಗ.

ಆ ಅರ್ಧ ದಾರಿಯು ಬಹಳ ದೂರವೇನೂ ಅಲ್ಲ. ಆಟವನ್ನು ರಚಿಸುವವರು ಮೊದಲನೆಯ ಪರದೆಯಿಂದಲೇ ಯಂತ್ರವನ್ನು ಮಾತಾಡಿಸಲಿ; ಗುಂಡಿಗಳ ಕೆಲಸವನ್ನು ಆಟಗಾರನೇ ಬದಲಾಯಿಸಿಕೊಳ್ಳಲು ಆಸ್ಪದ ಕೊಡಲಿ; ಕೀಬೋರ್ಡನ್ನು ಬೇಡುವವನಿಗೆ ಸಾಧ್ಯವಿದ್ದಲ್ಲಿ ಕೀಬೋರ್ಡನ್ನೇ ಬಿಡಲಿ. ಮನೆಯಲ್ಲಿ ಅಂಧ ತಮ್ಮನೋ ಗೆಳೆಯನೋ ಇದ್ದವರು, “ಕಲಿ” ಎಂದು ಹೇಳಿ ಎದ್ದುಹೋಗದೆ, ಯಂತ್ರವನ್ನು ಹಚ್ಚುವ ಮುಂಚೆ ಕಂಟ್ರೋಲರನ್ನು ಅವನ ಕೈಯಲ್ಲಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಲಿ. ಗುಂಡಿಗಳನ್ನು ಅಕ್ಷರಗಳಿಂದ ಕರೆಯದೆ ಮೇಲಿನದು, ಕೆಳಗಿನದು, ಎಡಗಡೆಯದು, ಬಲಗಡೆಯದು ಎಂದು ಕರೆದರೆ ಯಂತ್ರವು ಬದಲಾದರೂ ಕೈಗೆ ಕಲಿಸಿದ್ದು ಕೆಡುವದಿಲ್ಲ. ಅವನು ತಪ್ಪಿದಾಗ ಕೈಯಿಂದ ಕಸಿದುಕೊಂಡು ತಾವೇ ಆಡಿ ತೋರಿಸಬಾರದು. ಇಷ್ಟನ್ನು ಮಾಡಿದ ಮೇಲೆಯೂ ಅವನು ಒಲ್ಲೆನೆಂದರೆ ಅದು ಅವನ ಇಷ್ಟ. ಆದರೆ ಹೀಗೆ ಮಾಡಿದಲ್ಲಿ ಒಲ್ಲೆನೆಂಬವರು ಕೆಲವರೇ ಇದ್ದಾರೆಂದು ನಾವು ನಂಬುತ್ತೇವೆ.