ಯಾರ ಕೊಳಗ?

ಕಾನೂನು ಓದುವ ಹುಡುಗರು ಈಗ ರಜೆಯಲ್ಲಿ ಲಂಡನ್ನಿಗೆ, ಜಿನೀವಾಕ್ಕೆ, ಸಿಂಗಪುರಕ್ಕೆ ಹೋಗಿ ಕೆಲಸ ಮಾಡಿ ಬರ್ತಾರೆ. ಅದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು. ಅಲ್ಲಿ ಮಾಡಿದ ಕೆಲಸಕ್ಕೆ ಇಲ್ಲಿ ಕಾಲೇಜಿನಲ್ಲಿ ಕ್ರೆಡಿಟ್ಟು ಸಿಗುತ್ತದೆ. ಕ್ರೆಡಿಟ್ಟು ಅಂದರೆ ಒಂದು ಅಳತೆ. ಇಷ್ಟು ಕೆಲಸ ಇಷ್ಟು ಓದಿಗೆ ಸಮ ಅನ್ನುವ ಲೆಕ್ಕ. ಕುಪ್ಪಗಡ್ಡೆ ಹೋಬಳಿಯಿಂದ ಬಸ್ಸು ಹತ್ತಿ ಓದೋಕೆ ಹೋಗುವ ನಮ್ಮ ಮಕ್ಕಳಿಗೆ ಇದು ದೂರದ ಮಾತು ಅನ್ನಿಸಬಹುದು. ದೂರದ್ದಲ್ಲ. ಅಳತೆಗಾಗಿ ಜೈಲಿಗೆ ಹೋದ ಸೀಮೆ ನಮ್ಮದು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆಯೋಕೆ ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಭತ್ತ ನಮ್ಮದು, ಬೆವರು ನಮ್ಮದು, ಕೊಳಗ ಮಾತ್ರ ಅವರದು.

ಹಾಗಾದರೆ ಕ್ರೆಡಿಟ್ಟಿನ ಕೊಳಗ ಯಾರದು? ಇದೇ ನಮ್ಮ ಪ್ರಶ್ನೆ.

ಒಂದು ಮಾತು ಮೊದಲೇ ಹೇಳಿಬಿಡೋಣ. ಕಡಲು ದಾಟುವುದು ತಪ್ಪು ಅಂತ ನಾವು ಹೇಳುವುದಿಲ್ಲ. ಕಡಲು ದಾಟಿದರೆ ಮೈಲಿಗೆ ಅಂದವರು ಬೇರೆಯವರು. ಬಾಬಾಸಾಹೇಬರು 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ ಹೋಗಿ ಗ್ರೇಸ್ ಇನ್ ಸೇರಿದರು. 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದರೆ ಇರೋಕೆ ಒಂದು ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಬೇರೆ ಹೆಸರಿಟ್ಟುಕೊಂಡು ಇದ್ದರು, ಅಲ್ಲಿಂದಲೂ ಓಡಿಸಿದರು. ವಿದೇಶದ ಪದವಿ ಜಾತಿಯನ್ನು ತೊಳೆಯಲಿಲ್ಲ. ಆದರೆ ಆ ಓದು ವ್ಯರ್ಥವಾಗಲಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ ಮೇಲೆ ಕೋರ್ಟಿನಲ್ಲಿ ಹತ್ತು ವರ್ಷ ವಾದ ನಡೆದು, 1937ರಲ್ಲಿ ಬೊಂಬಾಯಿ ಹೈಕೋರ್ಟು ನಮ್ಮ ಜನರ ಪರ ತೀರ್ಪು ಕೊಟ್ಟಿತು. ಲಂಡನ್ನಿನ ಓದು ಮಹಾಡದ ಕೆರೆಗೆ ಬಂದು ಸೇರಿತು. ಹೋಗೋದಕ್ಕೆ ಅರ್ಥ ಬರುವುದು ಹಿಂದಿರುಗಿದಾಗ.

ಈಗ ಹೋಗುವವರು ಯಾರು? ಇಂಥ ಬಹಳಷ್ಟು ಕೆಲಸಕ್ಕೆ ಸಂಬಳವಿಲ್ಲ. ವಿಮಾನದ ದುಡ್ಡು, ಬಾಡಿಗೆ, ಊಟ ಎಲ್ಲ ಹುಡುಗನ ಅಪ್ಪನದೇ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದ ನ್ಯೂಜಿಲೆಂಡಿನ ಹುಡುಗನೊಬ್ಬ ಜಿನೀವಾದಲ್ಲಿ ಡೇರೆ ಹೊಡೆದು ಮಲಗಿದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಮಾನವ ಹಕ್ಕಿನ ಮನೆಯ ಬಾಗಿಲಲ್ಲೇ ಈ ಗತಿ! ಅಮೆರಿಕದಲ್ಲಂತೂ 2016ರವರೆಗೆ ಕಾನೂನು ವಿದ್ಯಾರ್ಥಿ ಒಂದೇ ಕೆಲಸಕ್ಕೆ ಕ್ರೆಡಿಟ್ಟು, ಕೂಲಿ ಎರಡನ್ನೂ ಪಡೆಯುವಂತಿರಲಿಲ್ಲ. ಕಲಿಯೋದೇ ಕೂಲಿ ಅನ್ನುವ ವಾದ. ಈ ವಾದ ನಮಗೆ ಹೊಸದಲ್ಲ. ‘ಕೆಲಸ ಕಲಿತ್ಕೊಳ್ತಾನೆ ಬಿಡು, ಹೊಟ್ಟೆಗೆ ಹಾಕ್ತೀನಿ’ ಅಂತ ಹೇಳಿಯೇ ಗೌಡರು ನಮ್ಮ ಮಕ್ಕಳನ್ನು ದನ ಕಾಯೋಕೆ ಇಟ್ಟುಕೊಂಡದ್ದು. ಕೂಲಿ ಇಲ್ಲದ ಕೆಲಸಕ್ಕೆ ನಮ್ಮಲ್ಲಿ ಹಳೇ ಹೆಸರಿದೆ: ಬಿಟ್ಟಿ.

ಇದಕ್ಕೆ ಎದುರು ಮಾತು ಬರುತ್ತದೆ: ‘ಜೀತದಾಳಿಗೆ ಬೇರೆ ದಾರಿ ಇರಲಿಲ್ಲ, ಈ ಹುಡುಗ ತಾನೇ ಇಷ್ಟಪಟ್ಟು ಹೋದವನು.’ ಸರಿಯಾದ ಮಾತು. ಸಂವಿಧಾನದ 23ನೇ ವಿಧಿ ತಡೆದದ್ದು ಬಲವಂತದ ದುಡಿಮೆಯನ್ನು. 1976ರ ಜೀತ ವಿಮುಕ್ತಿ ಕಾನೂನೂ ಅದಕ್ಕಾಗಿಯೇ. 1982ರಲ್ಲಿ ಏಷ್ಯಾಡ್ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಸಿವೂ ಒಂದು ಬಲವಂತವೇ ಅಂತ ಒಪ್ಪಿತು. ಶ್ರೀಮಂತನ ಮಗನಿಗೆ ಆ ಬಲವಂತ ಇಲ್ಲ. ಅವನಿಗೆ ಬಿಟ್ಟಿ ಅನ್ನುವುದು ಬಂಡವಾಳ. ಹಾಗಾದರೆ ಅನ್ಯಾಯ ಆದದ್ದು ಹೋದವನಿಗಲ್ಲ, ಹೋಗಲಾರದೆ ಉಳಿದವನಿಗೆ. ಪರೀಕ್ಷೆಯಲ್ಲಿ ಇಬ್ಬರೂ ಸಮ. ಒಬ್ಬನ ಕಾಗದದಲ್ಲಿ ಜಿನೀವಾ ಇದೆ, ಇನ್ನೊಬ್ಬನದರಲ್ಲಿ ಇಲ್ಲ. ಅಪ್ಪನ ದುಡ್ಡು ಮಗನ ಯೋಗ್ಯತೆಯಾಗಿ ಬದಲಾಯಿತು. ಜಾತಿ ಕೆಲಸ ಮಾಡೋದೂ ಹೀಗೇ ಅಲ್ವೆ?

ಸರ್ಕಾರ ದಲಿತ ವಿದ್ಯಾರ್ಥಿಗಳಿಗೆ ವಿದೇಶಿ ವಿದ್ಯಾರ್ಥಿವೇತನ ಕೊಡುವುದಿಲ್ಲವೆ ಅನ್ನಬಹುದು. ಕೊಡುತ್ತದೆ. ಕೇಂದ್ರದ ಆ ವೇತನ ಸ್ನಾತಕೋತ್ತರ ಪದವಿಗೆ, ಪಿಎಚ್.ಡಿ.ಗೆ, ನಾಲ್ಕು ವಾರದ ಇಂಥ ಕೆಲಸಕ್ಕಲ್ಲ. ಸಾಲದ್ದಕ್ಕೆ 2022ರಲ್ಲಿ, ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜವನ್ನು ಕುರಿತ ವಿಷಯಗಳಿಗೆ ಅದು ಸಿಗದಂತೆ ನಿಯಮ ಬದಲಾಯಿಸಿದರು. ಹೋಗು, ಆದರೆ ನಿನ್ನ ಕೇರಿಯನ್ನು ಜೊತೆಗೆ ಒಯ್ಯಬೇಡ!

ಇನ್ನು ನಿಯಮ ಏನು ಹೇಳುತ್ತದೆ ನೋಡೋಣ. ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗಲೇಬೇಕು. ಎಲ್ಲಿ? ವಕೀಲರ ಹತ್ತಿರ, ಕೋರ್ಟಿನಲ್ಲಿ, ಕಂಪನಿಯಲ್ಲಿ. ಹಾಗೆಯೇ ಸ್ವಯಂಸೇವಾ ಸಂಸ್ಥೆಯಲ್ಲಿ, ಸ್ಥಳೀಯ ಸರ್ಕಾರದಲ್ಲಿ. ಗೆಳೆಯರೆ, ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಕಾನೂನಿನ ಕಣ್ಣಲ್ಲಿ ನಮ್ಮ ಗ್ರಾಮ ಪಂಚಾಯಿತಿಯೂ ಕಾನೂನು ಕಲಿಯುವ ಜಾಗವೇ.

ಅಲ್ಲಿ ಕಲಿಯೋದು ಕಮ್ಮಿ ಏನಿಲ್ಲ. ಬಗರ್‌ಹುಕುಂ ಸಾಗುವಳಿಯ ನಮೂನೆ 50, 53, 57 ತುಂಬಿ ಕಾದು ಕೂತವರಿದ್ದಾರೆ. 2006ರ ಅರಣ್ಯ ಹಕ್ಕು ಕಾನೂನು ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ 75 ವರ್ಷದ ವಾಸಕ್ಕೆ ಪುರಾವೆ ಕೇಳುತ್ತದೆ. ಕಾಗದವೇ ಇಲ್ಲದವರ ಪರ ಪುರಾವೆ ಕಟ್ಟುವುದಕ್ಕಿಂತ ದೊಡ್ಡ ವಕೀಲಿ ವಿದ್ಯೆ ಯಾವುದು? 1974ರಲ್ಲಿ ಉಳುವವನಿಗೆ ಭೂಮಿ ಅಂತ ಭೂನ್ಯಾಯ ಮಂಡಳಿ ಮಾಡಿದಾಗ ವಕೀಲರು ಒಳಗೆ ಬರಕೂಡದು ಅಂತಲೇ ಕಾನೂನು ಬರೆದಿದ್ದರು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು. ಆ ಬಾಗಿಲು ಯಾಕೆ ಮುಚ್ಚಿದ್ದರು? ವಕೀಲ ಬಂದರೆ ದುಡ್ಡಿದ್ದವನ ಕಡೆಗೇ ನಿಲ್ತಾನೆ ಅನ್ನುವ ಭಯದಿಂದಲ್ಲವೆ? ಈ ಅಪನಂಬಿಕೆಯನ್ನು ವಿದೇಶದ ಪ್ರಮಾಣಪತ್ರ ಅಳಿಸಲಾರದು.

ಹಾಗಂತ ನಮ್ಮ ಮಕ್ಕಳು ಪಂಚಾಯಿತಿಗೆ, ಅವರ ಮಕ್ಕಳು ಲಂಡನ್ನಿಗೆ ಅಂತ ಹಂಚಿದರೆ ಅದು ಹೊಸ ವರ್ಣಾಶ್ರಮ. ಸೇವೆಯ ಹೆಸರಿನ ಅಂಥ ಮೋಸ ನಮಗೆ ಬೇಡ. ನಾವು ಕೇಳುವುದು ಅದರ ಉಲ್ಟಾ. ಕುಪ್ಪಗಡ್ಡೆಯ ಹುಡುಗಿ ಜಿನೀವಾಕ್ಕೆ ಹೋಗಲಿ, ಖರ್ಚು ಕಾಲೇಜು ಕೊಡಲಿ, ಸರ್ಕಾರ ಕೊಡಲಿ. ದೊಡ್ಡವರ ಮಗ ಕುಪ್ಪಗಡ್ಡೆಗೆ ಬರಲಿ, ಒಂದು ಅರ್ಜಿ ಬರೆಯೋದು ಕಲಿಯಲಿ. ಇಬ್ಬರಿಗೂ ಕೂಲಿ ಸಿಗಲಿ, ಇಬ್ಬರ ವಾರಕ್ಕೂ ಒಂದೇ ಕ್ರೆಡಿಟ್ಟು ಇರಲಿ. ಆ ಅರ್ಜಿಯಿಂದ ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನು ಅರ್ಜಿ ಹಾಕಿಸಿಕೊಂಡ ಮುದುಕಿಯನ್ನೂ ಕೇಳಿ ಅಂಕ ಹಾಕಲಿ.

ಕಾಗೋಡಿನವರು ಅಳೆಯಬೇಡಿ ಅನ್ನಲಿಲ್ಲ, ನ್ಯಾಯದ ಕೊಳಗದಲ್ಲಿ ಅಳೆಯಿರಿ ಅಂದರು. ಇವತ್ತು ಕಾಲೇಜುಗಳ ಬಾಗಿಲಲ್ಲಿ ನಿಂತು ನಾವು ಹೇಳಬೇಕಾದ್ದೂ ಅಷ್ಟೇ.