ಹಾಲೂಡಿಸುವ ತಾಯಿಯ ಪ್ರಾರ್ಥನೆ

ಒಬ್ಬ ಸಹೋದರಿ ಅಳ್ತಾ ಕೇಳಿದ್ರು: "ಪಾಸ್ಟರ್, ಮಗು ಹುಟ್ಟಿದ ಮೇಲೆ ಮೊಣಕಾಲೂರಿ ಪ್ರಾರ್ಥನೆನೇ ಮಾಡಿಲ್ಲ. ದೇವರು ನನ್ನ ಮರೆತುಬಿಟ್ರಾ?"

ದಿನಕ್ಕೆ 8ರಿಂದ 12 ಸಲ ಹಾಲು ಕುಡಿಸೋ ತಾಯಿ ಯಾವಾಗ ಮೊಣಕಾಲೂರಬೇಕು? ಯೆಶಾಯ 49:15 ತೆಗೀರಿ. ತನ್ನ ಪ್ರೀತಿಯನ್ನು ತೋರಿಸೋದಕ್ಕೆ ದೇವರು ಅಲ್ಲಿ ಅರಸನನ್ನಲ್ಲ, ಯಾಜಕನನ್ನಲ್ಲ, ಹಾಲೂಡಿಸುವ ತಾಯಿಯನ್ನೇ ಹೋಲಿಕೆಗೆ ತಗೊಂಡ್ರು. ಆ ತಾಯಿಗಿಂತಲೂ ದೇವರ ನೆನಪು ಗಟ್ಟಿ!

ರಾತ್ರಿ ಎರಡು ಗಂಟೆಗೆ ಮಗು ಅತ್ತರೆ, "ಸರಿಯಾಗಿ ಮಾತಾಡಿ ಕೇಳು" ಅಂತೀರಾ? ಇಲ್ಲ, ಎದ್ದು ಎತ್ತಿಕೊಳ್ತೀರಿ. ನಿಮ್ಮ ಮಾತಿಲ್ಲದ ನಿಟ್ಟುಸಿರಿಗೂ ದೇವರು ಹಾಗೇ ಕಿವಿಗೊಡುತ್ತಾರೆ. ಹಲ್ಲೆಲೂಯಾ!

ಇನ್ನು ಸಹೋದರರೇ, ಈ ರಾತ್ರಿ ಮಗುವನ್ನು ಹೆಗಲಿಗೆ ಹಾಕ್ಕೊಂಡು ತೇಗು ಬರಿಸೋ ಕೆಲಸ ನಿಮ್ಮದು. ಆಕೆ ಮಲಗಲಿ. ಅದೂ ಆರಾಧನೆಯೇ. ಆಮೆನ್.